ಒಂದು ಪೆನ್ನಿಗೆ ಒಂದು ಕಾರ್ಡ್: ಹಳೆಯ ಆರ್ಕೇಡ್ ಮಷಿನ್ ಕಾರ್ಡ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಷಿಕಾಗೋ ಹತ್ತಿರ ಇರುವುದರಿಂದ ಈ ಕಾರ್ಡ್‌ಗಳು ಹಳೆ ಸಾಮಾನಿನ ಅಂಗಡಿಗಳಲ್ಲಿ ಆಗಾಗ ನನ್ನ ಕಣ್ಣಿಗೆ ಬೀಳುತ್ತವೆ. ಮನೆಗೆ ಬಂದವರು, ಊರಿಂದ ಫೋನ್ ಮಾಡುವವರು, ಕಾಗದ ಬರೆಯುವವರು ತಿರುಗಿ ತಿರುಗಿ ಅದೇ ಪ್ರಶ್ನೆ ಕೇಳುತ್ತಾರೆ. ಅವನ್ನೆಲ್ಲ ಒಂದೆಡೆ ಹಾಕಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಆಮೇಲೆ.

## ಶುರು ಮಾಡುವವರಿಗೆ

ಇದೇನು ಕಾರ್ಡ್? ಇಸ್ಪೀಟಾ, ಪೋಸ್ಟ್‌ಕಾರ್ಡಾ?

ಎರಡೂ ಅಲ್ಲ. ಒಂದು ಕಾಲದಲ್ಲಿ ಅಮೆರಿಕದ ಊರೂರಲ್ಲಿ ಪೆನ್ನಿ ಆರ್ಕೇಡ್‌ಗಳಿದ್ದವು. ಒಳಗೆ ಹೋದರೆ ಮಷಿನ್‌ಗಳ ಸಾಲು. ಪೆನ್ನಿ, ಅಂದರೆ ಒಂದು ಸೆಂಟ್ ನಾಣ್ಯ ಹಾಕಿದರೆ ಒಂದು ನಿಮ್ಮ ತೋಳಿನ ಬಲ ಅಳೆಯುತ್ತದೆ, ಇನ್ನೊಂದು ಕಿಂಡಿಯಲ್ಲಿ ಚಲಿಸುವ ಚಿತ್ರ ತೋರಿಸುತ್ತದೆ, ಮತ್ತೊಂದರಲ್ಲಿ ಅಜ್ಜಿ ಗೊಂಬೆ ಕೈಯಾಡಿಸಿ ಭವಿಷ್ಯ ಹೇಳುತ್ತದೆ. ಇವುಗಳ ಮಧ್ಯೆ ಫೋಟೋ ಕಾರ್ಡ್ ಕೊಡುವ ಮಷಿನ್ ಕೂಡ ಇರುತ್ತಿತ್ತು.

ಆ ಕಾರ್ಡ್‌ಗಳನ್ನು ಎಲ್ಲರಿಗಿಂತ ಜಾಸ್ತಿ ಅಚ್ಚು ಹಾಕಿದ್ದು ಷಿಕಾಗೋದ ಎಕ್ಸಿಬಿಟ್ ಸಪ್ಲೈ ಕಂಪನಿ. 1901ರಲ್ಲಿ ಶುರುವಾದ ಕಂಪನಿ ಅದು. ಮಷಿನ್‌ಗಳನ್ನೂ ಮಾಡುತ್ತಿದ್ದರು, ಅದರೊಳಗೆ ತುಂಬುವ ಕಾರ್ಡ್‌ಗಳನ್ನೂ ಮಾಡುತ್ತಿದ್ದರು. ಹಾಗಾಗಿ ಇವತ್ತಿಗೂ ಸಂಗ್ರಹಕಾರರು ಇವನ್ನು ಎಕ್ಸಿಬಿಟ್ ಕಾರ್ಡ್ ಅಂತಲೇ ಕರೆಯುತ್ತಾರೆ. ಅಳತೆ 3⅜ ಇಂಚು ಅಗಲ, 5⅜ ಇಂಚು ಉದ್ದ. ರಟ್ಟು ದಪ್ಪ. ಮುಂದೆ ಒಬ್ಬ ಆಟಗಾರನದೋ ನಟಿಯದೋ ಫೋಟೋ. ಹಿಂದೆ ಸಾಮಾನ್ಯವಾಗಿ ಖಾಲಿ. ಕೆಲವಕ್ಕೆ ಮಾತ್ರ ಪೋಸ್ಟ್‌ಕಾರ್ಡ್‌ನಂತೆ ವಿಳಾಸದ ಗೆರೆಗಳಿರುತ್ತವೆ.

ಮಷಿನ್ ಒಳಗಿಂದ ಕಾರ್ಡ್ ಹೇಗೆ ಹೊರಗೆ ಬರ್ತಿತ್ತು? ಕರೆಂಟ್ ಬೇಕಿತ್ತಾ?

ಬಹುಪಾಲು ಮಷಿನ್‌ಗಳಿಗೆ ಕರೆಂಟಿನ ಗೊಡವೆಯೇ ಇರಲಿಲ್ಲ. ಒಳಗೆ ಕಾರ್ಡ್‌ಗಳ ಕಟ್ಟು. ನಾಣ್ಯ ಬಿದ್ದಾಗ ತಡೆ ಬಿಟ್ಟುಕೊಳ್ಳುತ್ತದೆ, ನೀವು ಹಿಡಿಯನ್ನು ತಳ್ಳಿದರೆ ಕಟ್ಟಿನಿಂದ ಒಂದೇ ಒಂದು ಕಾರ್ಡ್ ಜಾರಿ ಹೊರಗೆ ಬರುತ್ತದೆ. ಮುಂದಿನ ಗಾಜಿನ ಹಿಂದೆ ಮಾದರಿಗೆಂದು ಕೆಲವು ಕಾರ್ಡ್ ಸಿಕ್ಕಿಸಿರುತ್ತಿದ್ದರು. ಆದರೆ ಕೈಗೆ ಯಾವುದು ಬರುತ್ತದೆ ಅಂತ ನಾಣ್ಯ ಹಾಕುವವನಿಗೆ ಗೊತ್ತಿರುತ್ತಿರಲಿಲ್ಲ. ಬೇಕಾದವನು ಬರಲಿಲ್ಲ ಅಂದರೆ ಇನ್ನೊಂದು ಪೆನ್ನಿ. ವ್ಯಾಪಾರ ಇದ್ದದ್ದೇ ಅಲ್ಲಿ! ಆಮೇಲಿನ ವರ್ಷಗಳಲ್ಲಿ ರೇಟು ಎರಡು ಸೆಂಟ್‌ಗೆ ಏರಿತು. ಈಗಂತೂ 2025ರಲ್ಲಿ ಅಮೆರಿಕ ಚಲಾವಣೆಯ ಪೆನ್ನಿಗೆ ಅಚ್ಚು ಹಾಕುವುದನ್ನೇ ನಿಲ್ಲಿಸಿಬಿಟ್ಟಿದೆ.

ಬೇಸ್‌ಬಾಲ್ ಅಂದ್ರೆ ಏನೂ ಗೊತ್ತಿಲ್ಲ. ನನಗೆ ಇದರಲ್ಲಿ ಏನಿದೆ?

ಬೇಕಾದಷ್ಟಿದೆ. ಬೆಲೆ ಮಾತು ಬಂದಾಗ ಬೇಸ್‌ಬಾಲ್ ಹೆಸರು ಜೋರಾಗಿ ಕೇಳುತ್ತದೆ ಅಷ್ಟೆ. ಮೂಕಿ ಚಿತ್ರಗಳ ಕಾಲದ ನಟ ನಟಿಯರು, ಟಾಮ್ ಮಿಕ್ಸ್, ಜೀನ್ ಆಟ್ರಿ, ರಾಯ್ ರಾಜರ್ಸ್ ಥರದ ಕೌಬಾಯ್ ಹೀರೋಗಳು, ಜ್ಯಾಕ್ ಡೆಂಪ್ಸಿ, ಜೋ ಲೂಯಿಸ್ ಥರದ ಬಾಕ್ಸರ್‌ಗಳು, ಯುದ್ಧವಿಮಾನಗಳು, ಕೊನೆಕೊನೆಗೆ ಎಲ್ವಿಸ್ ಪ್ರೆಸ್ಲಿ, ಹೀಗೆ ಆ ದೇಶದ ಜನ ಯಾರನ್ನು ನೋಡಲು ಮುಗಿಬೀಳುತ್ತಿದ್ದರೋ ಅವರೆಲ್ಲ ಈ ಕಾರ್ಡ್‌ಗಳಲ್ಲಿ ಬಂದು ಹೋಗಿದ್ದಾರೆ.

ನನಗೆ ಎಲ್ಲಕ್ಕಿಂತ ಇಷ್ಟ ತಮಾಷೆ ಕಾರ್ಡ್‌ಗಳು. ನಿಮ್ಮನ್ನು ಕಟ್ಟಿಕೊಳ್ಳುವವಳು ಹೀಗಿರುತ್ತಾಳೆ, ಮಕ್ಕಳು ಇಷ್ಟು ಅಂತ ಮುಖಗಳ ಸಮೇತ ತೋರಿಸುವ ಕಾರ್ಡ್ ಇದೆ. ಸುಳ್ಳು ಹೇಳುವುದಕ್ಕೆ ಲೈಸೆನ್ಸ್ ಕೊಡುವ ಕಾರ್ಡ್ ಇದೆ. ಪ್ರೇಮಪತ್ರದ ಕಾರ್ಡ್ ಇದೆ. ಇವನ್ನು ಕೇಳುವವರು ಕಡಿಮೆ, ಆದ್ದರಿಂದ ಬೆಲೆಯೂ ಕಡಿಮೆ. ಆ ಕಾಲದ ಹುಡುಗರು ಯಾವುದಕ್ಕೆ ನಗುತ್ತಿದ್ದರು ಅಂತ ತಿಳಿಯಬೇಕಾದರೆ ಇವನ್ನೇ ನೋಡಬೇಕು. ಕೆಲವು ಜೋಕು ಇವತ್ತಿಗೆ ಮುಜುಗರ ತರುತ್ತವೆ, ಅದೂ ನಿಜ.

ನಮ್ಮ ರೈಲ್ವೆ ಸ್ಟೇಷನ್ ತೂಕದ ಮಷಿನ್ ಚೀಟಿ ಕೂಡ ಇದೇ ಜಾತೀದಲ್ವಾ?

ಹೌದು, ದೂರದ ನೆಂಟಸ್ತಿಕೆ ಖಂಡಿತ ಇದೆ. ಪ್ಲಾಟ್‌ಫಾರ್ಮಿನ ಮೇಲೆ ಬಣ್ಣದ ದೀಪ ಮಿನುಗಿಸುತ್ತ, ಕೆಂಪು ಬಿಳಿ ಚಕ್ರ ತಿರುಗಿಸುತ್ತ ನಿಂತಿರುತ್ತಿತ್ತಲ್ಲ, ಅದಕ್ಕೆ ಕಾಸು ಹಾಕಿದರೆ ಹಳೆ ರೈಲು ಟಿಕೆಟ್ಟಿನ ಥರದ ಪುಟ್ಟ ರಟ್ಟು ಟಕ್ ಅಂತ ಬೀಳುತ್ತಿತ್ತು. ತೂಕದ ಜೊತೆಗೆ ಒಂದು ಸಾಲಿನ ಭವಿಷ್ಯ, ಎಷ್ಟೋ ಸಲ ಒಬ್ಬ ಸಿನಿಮಾ ನಟನ ಮುಖ. ತೂಕ, ತಾರೆಯ ಫೋಟೋ, ಭವಿಷ್ಯ ಮೂರೂ ಒಂದೇ ಕಡೆ! ಷಿಕಾಗೋದವರು ಮೂರು ಮಷಿನ್ ಇಟ್ಟು ಮಾಡುತ್ತಿದ್ದ ಕೆಲಸವನ್ನು ನಮ್ಮದು ಒಂದೇ ಮಷಿನ್‌ನಲ್ಲಿ ಮುಗಿಸುತ್ತಿತ್ತು.

ನಿಮ್ಮ ಮನೆಯ ಹಳೆ ಡೈರಿಗಳಲ್ಲಿ, ಪರ್ಸಿನ ಮೂಲೆಯಲ್ಲಿ ಇಂಥ ಚೀಟಿ ಇದ್ದರೆ ದಯವಿಟ್ಟು ಎಸೆಯಬೇಡಿ. ಅಮೆರಿಕದ ಕಾರ್ಡ್‌ಗಳಿಗೆ ಕ್ಯಾಟಲಾಗ್ ಇದೆ, ಮಾರುಕಟ್ಟೆ ಇದೆ. ನಮ್ಮ ಚೀಟಿಗಳನ್ನು ಅಷ್ಟು ಅಚ್ಚುಕಟ್ಟಾಗಿ ಪಟ್ಟಿ ಮಾಡುವ ಕೆಲಸ ಇನ್ನೂ ಬಾಕಿ ಇದೆ.

ಮಗ ಜಪಾನಿನ ಡ್ರಾಗನ್ ಬಾಲ್ ಕಾರ್ಡ್ ಕೂಡಿಡ್ತಾನೆ. ಅದೂ ಮಷಿನ್‌ದೇ ಅಂತಾನೆ. ಹೌದಾ?

ಹೌದು. ಬಂದಾಯ್ ಕಂಪನಿ 1988ರಲ್ಲಿ ಕಾರ್ಡ್‌ಡಾಸ್ ಅನ್ನುವ ಮಷಿನ್ ತಂದಿತು. ಇಪ್ಪತ್ತು ಯೆನ್ ಹಾಕಿ ಹಿಡಿ ತಿರುಗಿಸಿದರೆ ಒಂದು ಕಾರ್ಡ್. ನಡುನಡುವೆ ಫಳಫಳ ಹೊಳೆಯುವ ಪ್ರಿಸಮ್ ಕಾರ್ಡ್ ಬರುತ್ತಿತ್ತು, ಮಕ್ಕಳು ಕಾಯುತ್ತಿದ್ದದ್ದು ಅದಕ್ಕೆ. 2003ರಲ್ಲಿ ಸೇಗಾ ಕಂಪನಿಯ ಮುಷಿಕಿಂಗ್ ಬಂತು. ಅಲ್ಲಿ ಕಾರ್ಡಿನ ಬಾರ್‌ಕೋಡ್ ಅನ್ನು ಆಟದ ಮಷಿನ್‌ಗೇ ಓದಿಸಿ ಜೀರುಂಡೆಗಳ ಕಾಳಗ ಆಡಬಹುದಿತ್ತು. ಇವೆಲ್ಲ ಬೇರೆಯೇ ಲೋಕ, ಬೇರೆಯೇ ತಜ್ಞರು. ಇಲ್ಲಿಂದ ಮುಂದೆ ನಾನು ಹೇಳುವುದು ಅಮೆರಿಕದ ಹಳೆಯ ಕಾರ್ಡ್‌ಗಳ ಬಗ್ಗೆ ಮಾತ್ರ.

## ಕೊಳ್ಳುವ ಮುಂಚೆ

ಶುರು ಮಾಡೋಕೆ ಎಷ್ಟು ದುಡ್ಡು ಬೇಕು?

ಒಂದು ಒಳ್ಳೆ ಊಟದ ದುಡ್ಡು ಸಾಕು. ಈಗ ಯಾರೂ ನೆನಪಿಟ್ಟಿರದ ನಟಿ, ಎರಡನೇ ಸಾಲಿನ ಕೌಬಾಯ್, ಸಾಧಾರಣ ಆಟಗಾರ, ಇವರ ಕಾರ್ಡ್‌ಗಳು ಕೆಲವೇ ಡಾಲರ್‌ಗೆ ಸಿಗುತ್ತವೆ. ದೊಡ್ಡ ಹೆಸರು ಬಂದ ಕೂಡಲೇ ಲೆಕ್ಕ ಬದಲಾಗುತ್ತದೆ. ಬೇಸ್‌ಬಾಲ್ ತಾರೆ ಲೂ ಗೆಹ್ರಿಗ್‌ನ 1925ರ ಎಕ್ಸಿಬಿಟ್ ಕಾರ್ಡ್ ಅವನ ಮೊದಲ ಕಾರ್ಡ್ ಎಂದು ಹೆಸರಾದದ್ದು, ನಮ್ಮಂಥವರು ಅದನ್ನು ಹರಾಜಿನ ಪುಸ್ತಕದಲ್ಲಿ ನೋಡಿ ಪುಟ ತಿರುಗಿಸಬೇಕು. ಬೇಬ್ ರೂತ್, ಮಿಕಿ ಮ್ಯಾಂಟಲ್, ಜಾಕಿ ರಾಬಿನ್‌ಸನ್ ಕೂಡ ಅಗ್ಗ ಅಲ್ಲ.

ಮೊದಲ ಕಾರ್ಡಿಗೆ ಜಾಸ್ತಿ ಖರ್ಚು ಮಾಡಬೇಡಿ. ಅಗ್ಗದ ಅಸಲಿ ಕಾರ್ಡ್‌ಗಳ ಒಂದು ಸಣ್ಣ ಕಟ್ಟು ತಗೊಳ್ಳಿ. ರಟ್ಟಿನ ದಪ್ಪ, ಬಣ್ಣ, ಅಂಚು ಬೆರಳಿಗೆ ಪರಿಚಯವಾಗಲಿ. ನೂರು ಫೋಟೋ ನೋಡಿದರೂ ಆಗದ ಪಾಠ ಅದು.

ಎಲ್ಲಿ ಸಿಗುತ್ತೆ? ಬೆಂಗಳೂರಲ್ಲಿ ಕೂತು ತರಿಸಬಹುದಾ?

ಅಮೆರಿಕದಲ್ಲಿದ್ದರೆ ಆಂಟಿಕ್ ಮಾಲ್, ಫ್ಲೀ ಮಾರ್ಕೆಟ್, ಪೋಸ್ಟ್‌ಕಾರ್ಡ್ ಮೇಳ. ಬೇಸ್‌ಬಾಲ್ ಕಾರ್ಡ್ ಮೇಳದಲ್ಲಿ ಹೆಸರುವಾಸಿಗಳು ಸಿಗುತ್ತಾರೆ, ಪೋಸ್ಟ್‌ಕಾರ್ಡ್ ಮೇಳದಲ್ಲಿ ಅಗ್ಗದ ನಟಿಯರು, ತಮಾಷೆ ಕಾರ್ಡ್‌ಗಳು ಸಿಗುತ್ತವೆ. ಎರಡನೆಯದರಲ್ಲಿ ಮಾರುವವರಿಗೆ ಇದರ ಗೀಳು ಅಷ್ಟಿರುವುದಿಲ್ಲ. ಚೌಕಾಸಿಗೆ ಜಾಗ ಇರುತ್ತದೆ.

ಇಂಡಿಯಾಕ್ಕೆ ತರಿಸಬಹುದು. ಒಂದೊಂದೇ ತರಿಸಿದರೆ ಅಂಚೆ ಖರ್ಚು ಕಾರ್ಡಿಗಿಂತ ಜಾಸ್ತಿಯಾಗುತ್ತದೆ, ಒಬ್ಬನೇ ಮಾರುವವನಿಂದ ಕಟ್ಟಾಗಿ ತಗೊಳ್ಳಿ. ಎರಡು ಗಟ್ಟಿ ರಟ್ಟುಗಳ ನಡುವೆ ಇಟ್ಟು ಕಳಿಸಿ ಅಂತ ಮೊದಲೇ ಬರೆದು ಹೇಳಿ. ಕಸ್ಟಮ್ಸ್‌ಗೆಂದು ಬೆಲೆ ಸುಳ್ಳು ಬರೆಸಬೇಡಿ. ದಾರಿಯಲ್ಲಿ ಹಾಳಾದರೆ ಪರಿಹಾರ ಕೇಳಲು ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಇನ್ನೂ ಸಲೀಸಾದ ದಾರಿ ನಿಮಗೇ ಗೊತ್ತು: ರಜಕ್ಕೆ ಬರುವ ತಂಗಿ, ಭಾವ, ಸ್ನೇಹಿತರ ಸೂಟ್‌ಕೇಸ್.

ಮೂಲೆ ಸವೆದಿದೆ, ಪಿನ್ ತೂತಿದೆ, ಹಿಂದೆ ಪೆನ್ಸಿಲ್ ಬರಹ. ಇಂಥದ್ದು ತಗೋಬೇಕಾ?

ಧಾರಾಳವಾಗಿ. ಹುಡುಗರು ಇವನ್ನು ಗೋಡೆಗೆ ಚುಚ್ಚಿದರು, ಆಲ್ಬಮ್ಮಿಗೆ ಅಂಟಿಸಿದರು, ಜೇಬಲ್ಲಿಟ್ಟುಕೊಂಡು ಓಡಾಡಿದರು. ನನ್ನ ಹತ್ತಿರ ಒಬ್ಬ ಕೌಬಾಯ್ ಇದ್ದಾನೆ. ನಾಲ್ಕು ಮೂಲೆಗೆ ನಾಲ್ಕು ತೂತು, ಪ್ರತಿ ತೂತಿನ ಸುತ್ತ ತುಕ್ಕಿನ ಕಂದು ಉಂಗುರ. ಹಿಂಬದಿಯಲ್ಲಿ ಮಗುವಿನ ಅಕ್ಷರದಲ್ಲಿ ಒಂದು ಕೂಡುವ ಲೆಕ್ಕ, ಉತ್ತರ ತಪ್ಪು. ಕಪ್ಪು ಕಾಗದದ ಚೂರು ಎರಡು ಕಡೆ ಅಂಟಿಕೊಂಡಿದೆ, ಯಾವುದೋ ಆಲ್ಬಮ್ಮಿಂದ ಕಿತ್ತದ್ದು. ಅಂದರೆ ಮೊದಲು ಗೋಡೆ, ಆಮೇಲೆ ಆಲ್ಬಮ್, ಆಮೇಲೆ ಮಾರಾಟ. ಅದನ್ನು ಹೊಸದರಂಥ ಕಾರ್ಡಿಗೆ ನಾನು ಬದಲಾಯಿಸುವುದಿಲ್ಲ.

ಬಿಡಬೇಕಾದದ್ದು ಎರಡು ಥರದ್ದು. ಮುಖದ ಮೇಲೇ ಮಡಿಕೆ ಬಿದ್ದದ್ದು, ಮತ್ತೆ ಲ್ಯಾಮಿನೇಟ್ ಮಾಡಿದ್ದು. ಲ್ಯಾಮಿನೇಷನ್ ಬಿಡಿಸಲು ಹೋದರೆ ಚಿತ್ರವೂ ಜೊತೆಗೆ ಬರುತ್ತದೆ. ಹಾಗೆಯೇ ಹಿಂದಿನ ಅಂಟು, ಪೆನ್ಸಿಲ್ ಗುರುತು ಅಳಿಸುವ ಸಾಹಸಕ್ಕೆ ಕೈ ಹಾಕಬೇಡಿ.

ಎಲ್ಲಿ ಇಡೋದು? ಮಂಗಳೂರಿನ ಮಳೆಗಾಲಕ್ಕೆ ತಡೆಯುತ್ತಾ?

ಮಾಮೂಲಿ ಕ್ರಿಕೆಟ್ ಕಾರ್ಡಿನ ಕವರ್ ಇದಕ್ಕೆ ಚಿಕ್ಕದಾಗುತ್ತದೆ. ಹಳೆಯ ಅಮೆರಿಕನ್ ಪೋಸ್ಟ್‌ಕಾರ್ಡಿಗೆಂದು ಮಾರುವ ಕವರ್ ಕೇಳಿ, ಅದರೊಳಗೆ ಸರಿಯಾಗಿ ಕೂರುತ್ತದೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಆಗಿರಲಿ. ಮೆತ್ತಗೆ, ವಾಸನೆ ಬರುವ ಪಿವಿಸಿ ಆಲ್ಬಮ್ ಬೇಡವೇ ಬೇಡ. ವರ್ಷ ಕಳೆದಂತೆ ಅದು ಜಿಡ್ಡು ಬಿಟ್ಟು ಚಿತ್ರಕ್ಕೆ ಅಂಟಿಕೊಳ್ಳುತ್ತದೆ.

ಕರಾವಳಿ, ಮಲೆನಾಡಿನವರಿಗೆ ನಿಜವಾದ ಶತ್ರು ತೇವ. ಬೂಷ್ಟು ಹಿಡಿದರೆ ರಟ್ಟಿನಲ್ಲಿ ಕಂದು ಚುಕ್ಕೆ ಏಳುತ್ತದೆ, ಬೆಳ್ಳಿಹುಳ ಬಂದರೆ ಅಂಚು ಮಾಯ. ಗಟ್ಟಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಮಳೆಗಾಲದಲ್ಲಿ ಪೊಟ್ಟಣ ಬದಲಾಯಿಸುವ ಅಭ್ಯಾಸ, ಇಷ್ಟಿದ್ದರೆ ಸಾಕು. ಹೊರಗೋಡೆಗೆ ತಾಗಿದ ಬೀರುವಿನಲ್ಲಿ ಮಾತ್ರ ಇಡಬೇಡಿ. ಫ್ರೇಮ್ ಹಾಕಿ ತೂಗುಹಾಕುವ ಆಸೆ ಇದ್ದರೆ ಬಿಸಿಲು ಬೀಳದ ಗೋಡೆ ಹುಡುಕಿ. ಕಾರ್ಡನ್ನು ಗಾಜಿಗೆ ತಾಗಿಸಬೇಡಿ.

## ಕಣ್ಣು ಪಳಗಿದ ಮೇಲೆ

ಕಾರ್ಡ್ ಮೇಲೆ ವರ್ಷ ಇಲ್ಲ, ನಂಬರ್ ಇಲ್ಲ. ಯಾವ ಕಾಲದ್ದು ಅಂತ ಹೇಗೆ ಹೇಳ್ತೀರಿ?

ಈ ಹವ್ಯಾಸದ ತಿರುಳೇ ಇದು. ಬೆಲೆ ನೋಡುವುದನ್ನು ಬಿಟ್ಟು ಕಾರ್ಡನ್ನೇ ಓದಲು ಕಲಿತರೆ ಮಿಕ್ಕದ್ದೆಲ್ಲ ತಾನಾಗಿ ಬರುತ್ತದೆ.

ಮೊದಲು ಬಣ್ಣ, ವಿನ್ಯಾಸ. ಎಕ್ಸಿಬಿಟ್ ಕಂಪನಿ ಬೇಸ್‌ಬಾಲ್ ಕಾರ್ಡ್ ಶುರು ಮಾಡಿದ್ದು 1921ರಲ್ಲಿ. ಆಗ ಹದಿನಾರು ತಂಡ, ತಂಡಕ್ಕೆ ನಾಲ್ವರಂತೆ 64 ಕಾರ್ಡ್. ಆ ದಶಕದಲ್ಲಿ ಕಪ್ಪು ಬಿಳುಪಿನ ಜೊತೆಗೆ ಬಣ್ಣದ ಛಾಯೆಯ ಕಾರ್ಡ್‌ಗಳೂ ಬಂದವು. 1927ರದ್ದು ತಿಳಿ ಹಸಿರು. 1929ರಿಂದ ಒಂದೇ ಕಾರ್ಡಿನಲ್ಲಿ ನಾಲ್ಕು ಆಟಗಾರರು ಕಾಣಿಸಿಕೊಂಡರು. 1930ರ ದಶಕದ ಬಹುಪಾಲು ಅದೇ ನಡೆಯಿತು. ನಾಲ್ಕು ಮುಖದ ಕಾರ್ಡ್ ಕಂಡರೆ ಅದು ಆ ಕಾಲದ್ದು ಅಂತ ಗುರುತಿಸಬಹುದು.

1939ರಿಂದ 1946ರವರೆಗಿನದನ್ನು ಸಲ್ಯೂಟೇಷನ್ ಅನ್ನುತ್ತಾರೆ. ಆಟಗಾರನೇ ಕೈಬರಹದಲ್ಲಿ ‘ನಿಮ್ಮ ವಿಶ್ವಾಸಿ’, ‘ಶುಭಾಶಯಗಳು’ ಎಂದು ಬರೆದು ಸಹಿ ಹಾಕಿದಂತೆ ಅಚ್ಚಾಗಿರುತ್ತದೆ. ಆ ಸಾಲು ಇಲ್ಲದೆ ಬರೀ ಹೆಸರೋ ಸಹಿಯೋ ಇದ್ದರೆ, ಒಬ್ಬನದೇ ದೊಡ್ಡ ಫೋಟೋ ಆಗಿದ್ದರೆ, ಅದು 1947ರಿಂದ 1966ರ ಉದ್ದದ ಸರಣಿಯದ್ದಾಗಿರುವ ಸಾಧ್ಯತೆ ಜಾಸ್ತಿ. ಮುನ್ನೂರಕ್ಕೂ ಹೆಚ್ಚು ಆಟಗಾರರು ಅದರಲ್ಲಿದ್ದಾರೆ. 1962ರಲ್ಲಿ ಹಿಂಬದಿಗೆ ಆಟದ ಅಂಕಿ ಅಂಶ ಅಚ್ಚು ಹಾಕಿದ ಕಾರ್ಡ್‌ಗಳೂ ಬಂದವು.

ಆಮೇಲೆ ಸಮವಸ್ತ್ರ. ಆಟಗಾರ ಒಂದು ತಂಡ ಸೇರಿದ ವರ್ಷ ಗೊತ್ತಿದ್ದರೆ ಕಾರ್ಡ್ ಅದಕ್ಕಿಂತ ಹಳೆಯದಿರಲು ಸಾಧ್ಯವಿಲ್ಲ. ಆದರೆ ಇದು ಒಂದೇ ದಿಕ್ಕಿಗೆ ನಡೆಯುವ ಲೆಕ್ಕ. ಚೆನ್ನಾಗಿ ಓಡುವ ಫೋಟೋವನ್ನು ಕಂಪನಿಯವರು ವರ್ಷಗಟ್ಟಲೆ ಮತ್ತೆ ಮತ್ತೆ ಅಚ್ಚು ಹಾಕುತ್ತಿದ್ದರು. ತಂಡ ಬಿಟ್ಟವನೂ ಹಳೆ ಟೋಪಿಯಲ್ಲೇ ಮಷಿನ್‌ನಿಂದ ಬೀಳುತ್ತಿದ್ದ. ಸಿನಿಮಾದವರ ಕಥೆ ಇನ್ನೂ ಕಷ್ಟ. ಅಲ್ಲಿ ಕೂದಲಿನ ಶೈಲಿ, ಯಾವ ಚಿತ್ರದ ವೇಷ ಅನ್ನುವುದೇ ಸುಳಿವು.

ಕೊನೆಗೆ ಕೆಳ ಅಂಚಿನ ಚಿಕ್ಕ ಅಕ್ಷರಗಳು. ಅಮೆರಿಕದಲ್ಲಿ ಮಾಡಿದ್ದು ಅಂತ ಇದೆಯೋ, ಅಮೆರಿಕದಲ್ಲಿ ಅಚ್ಚಾದದ್ದು ಅಂತ ಇದೆಯೋ, ಕಂಪನಿ ಹೆಸರು ಇದೆಯೋ, ಯಾವ ಮೂಲೆಯಲ್ಲಿದೆ, ಎಷ್ಟು ಉದ್ದ ಇದೆ, ಎಲ್ಲ ಬರೆದಿಟ್ಟುಕೊಳ್ಳಿ. ಒಂದೇ ಫೋಟೋದ ಬೇರೆ ಬೇರೆ ಮುದ್ರಣವನ್ನು ಬೇರ್ಪಡಿಸುವುದು ಬಹಳ ಸಲ ಈ ಒಂದು ಸಾಲೇ.

ರೀಪ್ರಿಂಟ್ ಅಂತ ಹೇಗೆ ಗೊತ್ತಾಗುತ್ತೆ?

1980ರ ಆಸುಪಾಸಿನಲ್ಲಿ ಹಳೆ ಫೋಟೋಗಳನ್ನೇ ಹಾಕಿ ಹೊಸ ಸೆಟ್‌ಗಳು ಬಂದವು. ಅವನ್ನು ಮಾಡಿದವರು ಮೋಸ ಮಾಡಲೆಂದು ಮಾಡಿದ್ದಲ್ಲ. ಈಗ ಮಾರುವವರ ವಿಷಯ ಹಾಗೆ ಹೇಳಲಾರೆ! ಅದರ ಮೇಲೆ ಮನೆ ಪ್ರಿಂಟರ್‌ನಲ್ಲಿ ತೆಗೆದು, ಟೀ ನೀರಲ್ಲಿ ಅದ್ದಿ ಹಳತು ಮಾಡಿದವೂ ಓಡಾಡುತ್ತವೆ.

ಒಂದು ಹತ್ತು ಪಟ್ಟಿನ ಭೂತಗನ್ನಡಿ ತಗೊಳ್ಳಿ. ಮೊದಲು ಕಣ್ಣುರೆಪ್ಪೆ ನೋಡಿ, ಆಮೇಲೆ ಟೋಪಿಯ ಅಕ್ಷರ, ಆಮೇಲೆ ಕೆಳಗಿನ ಚಿಕ್ಕ ಸಾಲು. ಅಸಲಿಯಲ್ಲಿ ವಿವರ ಚುರುಕಾಗಿರುತ್ತದೆ. ಅಚ್ಚಾದ ಕಾರ್ಡನ್ನೇ ಮತ್ತೆ ಫೋಟೋ ತೆಗೆದು ಅಚ್ಚು ಹಾಕಿದಾಗ ಚುಕ್ಕಿ ಮೇಲೆ ಚುಕ್ಕಿ ಬೀಳುತ್ತದೆ. ನೆರಳಿನ ಭಾಗ ಮುದ್ದೆಯಾಗಿ ಕಪ್ಪಾಗುತ್ತದೆ, ಬೆಳಕಿನ ಭಾಗ ಸುಣ್ಣ ಬಳಿದಂತಾಗುತ್ತದೆ. ಚಿಕ್ಕ ಅಕ್ಷರಗಳ ಅಂಚು ಒಡೆದಿರುತ್ತದೆ. ಬಣ್ಣದ ಪ್ರಿಂಟರ್‌ನದ್ದಾದರೆ ಬೂದು ಬಣ್ಣದೊಳಗೆ ನೀಲಿ, ಕೆಂಪು, ಹಳದಿ ಹುಡಿ ಕಾಣುತ್ತದೆ. ಕಂಡರೆ ಅಲ್ಲಿಗೆ ಮುಗಿಯಿತು.

ಎರಡನೆಯದು ಕಪ್ಪು ದೀಪ, ಅಂದರೆ ಅಲ್ಟ್ರಾವಯಲೆಟ್ ಟಾರ್ಚ್. ಕಾಗದ ಬೆಳ್ಳಗೆ ಕಾಣಲೆಂದು ರಾಸಾಯನಿಕ ಹಾಕುವುದು ಬಳಕೆಗೆ ಬಂದದ್ದು ಎರಡನೇ ಮಹಾಯುದ್ಧದ ನಂತರ. ಕತ್ತಲೆ ಕೋಣೆಯಲ್ಲಿ ಬೆಳಕು ಬಿಟ್ಟಾಗ 1920ರ ದಶಕದ್ದು ಅನ್ನುವ ಕಾರ್ಡ್ ನೀಲಿಬಿಳಿಯಾಗಿ ಹೊಳೆದರೆ ವಾಪಸ್ ಕೊಟ್ಟುಬಿಡಿ. ಹೊಳೆಯದಿದ್ದರೆ ಅಸಲಿ ಅಂತ ಮಾತ್ರ ತಿಳಿಯಬೇಡಿ, ಆ ರಾಸಾಯನಿಕ ಇಲ್ಲದ ಕಾಗದ ಈಗಲೂ ಸಿಗುತ್ತದೆ. 1950, 60ರ ದಶಕದ ಕಾರ್ಡ್‌ಗಳಿಗೆ ಈ ಪರೀಕ್ಷೆಯಿಂದ ಹೆಚ್ಚು ಉಪಯೋಗ ಇಲ್ಲ.

ಇದೆಲ್ಲದರ ಜೊತೆ ಕೈಯಲ್ಲಿ ಅದೇ ಕಾಲದ ಒಂದು ಅಗ್ಗದ ಅಸಲಿ ಇರಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ಅಂಚು ನೋಡಿದರೆ ಅರ್ಧ ಅನುಮಾನ ಅಲ್ಲೇ ತೀರುತ್ತದೆ.

ಅದೇ ಆಟಗಾರ, ಅದೇ ಸಹಿ. ಎರಡು ಬೇರೆ ಬೇರೆ ಕಾರ್ಡ್ ಅಂತಾರಲ್ಲ, ಯಾಕೆ?

ಮರುಮುದ್ರಣ ಮಾಡುವಾಗ ಫೋಟೋದ ಕತ್ತರಿಕೆ, ಹೆಸರಿನ ಜಾಗ, ಕೆಳಗಿನ ಸಾಲು ಬದಲಾಗುತ್ತಿತ್ತು. ಪ್ರಸಿದ್ಧ ಉದಾಹರಣೆ ಸಲ್ಯೂಟೇಷನ್ ಸರಣಿಯ ಟೆಡ್ ವಿಲಿಯಮ್ಸ್. ಒಂದರಲ್ಲಿ ಅವನ ಅಂಗಿಯ 9ನೇ ನಂಬರ್ ಕಾಣುತ್ತದೆ, ಇನ್ನೊಂದರಲ್ಲಿ ಕಾಣುವುದಿಲ್ಲ. ಕ್ಯಾಟಲಾಗಿನಲ್ಲಿ ಎರಡೂ ಬೇರೆ ಬೇರೆ ಸಾಲು. ಹೆಸರಿನ ಕಾಗುಣಿತ ತಪ್ಪಿದವು, ತಿದ್ದದೆ ಹಾಗೇ ಬಿಟ್ಟವು ಕೂಡ ಇವೆ. ತಪ್ಪಿದೆ ಅಂದ ಮಾತ್ರಕ್ಕೆ ಅಪರೂಪ ಅಲ್ಲ. ತಿದ್ದಿದ ಮುದ್ರಣವೂ ಇದ್ದರೆ ಮಾತ್ರ ಅದಕ್ಕೊಂದು ತೂಕ.

ಮ್ಯೂಟೋಸ್ಕೋಪ್ ಕಾರ್ಡ್ ಅಂದ್ರೆ ಇದೇನಾ?

ಅಲ್ಲ, ಅದು ನ್ಯೂಯಾರ್ಕಿನ ಇಂಟರ್‌ನ್ಯಾಷನಲ್ ಮ್ಯೂಟೋಸ್ಕೋಪ್ ರೀಲ್ ಕಂಪನಿಯದ್ದು. ಸ್ವಲ್ಪ ಚಿಕ್ಕ ಅಳತೆ. 1940ರ ದಶಕದ ಬಣ್ಣದ ಪಿನ್‌ಅಪ್, ಅಂದರೆ ಬೆಡಗಿನ ಹೆಣ್ಣುಗಳ ಚಿತ್ರಗಳಿಗೆ ಹೆಸರುವಾಸಿ. ಅರ್ಲ್ ಮೋರನ್, ಜೋಯಿ ಮೊಜರ್ಟ್ ಥರದ ಕಲಾವಿದರು ಬರೆದವು. ಮೊಜರ್ಟ್ ಹೆಂಗಸು ಅನ್ನುವುದು ಎಷ್ಟೋ ಮಂದಿಗೆ ಗೊತ್ತಿಲ್ಲ. ಮನೆಯಲ್ಲಿ ಅತ್ತೆ ಮಾವ ಇದ್ದರೆ ಗೋಡೆಗೆ ಹಾಕುವ ಮುಂಚೆ ಯೋಚಿಸಿ.

ಗ್ರೇಡಿಂಗ್‌ಗೆ ಕಳಿಸಬೇಕಾ?

ಗ್ರೇಡಿಂಗ್ ಅಂದರೆ ಕಾರ್ಡಿನ ಸ್ಥಿತಿ ನೋಡಿ ಅಂಕ ಕೊಡುವುದು. ಆ ಕೆಲಸ ಮಾಡುವ ಪಿಎಸ್‌ಎ, ಎಸ್‌ಜಿಸಿ, ಬೆಕೆಟ್ ಕಂಪನಿಗಳು ಮೂರೂ ಎಕ್ಸಿಬಿಟ್ ಕಾರ್ಡ್ ತಗೊಳ್ಳುತ್ತವೆ. ಒಂದರಿಂದ ಹತ್ತರ ತನಕ ಅಂಕ ಕೊಟ್ಟು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕಳಿಸುತ್ತಾರೆ. ದೊಡ್ಡ ಹೆಸರಿನ, ಮುಂದೆ ಮಾರುವ ಯೋಚನೆಯ ಕಾರ್ಡ್ ಆದರೆ ಕಳಿಸಿ. ಕೆಲವೇ ಡಾಲರಿನ ಕಾರ್ಡಿಗೆ ಅದರ ಹಲವು ಪಟ್ಟು ಶುಲ್ಕ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಪೆಟ್ಟಿಗೆಯೊಳಗೆ ಹೋದ ಮೇಲೆ ರಟ್ಟನ್ನು ಮುಟ್ಟುವ ಹಾಗೂ ಇಲ್ಲ.

ಇಲ್ಲೊಂದು ತೊಡಕಿದೆ. ಮೂಲದಲ್ಲೇ ಕತ್ತರಿಸುವಾಗ ಅಳತೆ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆಗುತ್ತಿತ್ತು. ಸವೆದ ಅಂಚನ್ನು ಈಚೆಗೆ ಕತ್ತರಿಸಿ ಚೊಕ್ಕ ಮಾಡಿದವೂ ಇವೆ. ಬರೀ ಸ್ಕೇಲಿನಿಂದ ಎರಡನ್ನೂ ಬೇರ್ಪಡಿಸಲು ಆಗದು. ಅಂಚನ್ನು ಪಕ್ಕದಿಂದ ನೋಡಿ: ಮೂರು ಬದಿ ಕಂದಾಗಿ, ಒಂದು ಬದಿ ಮಾತ್ರ ಬೆಳ್ಳಗೆ ಚೂಪಾಗಿದ್ದರೆ ಕತ್ತರಿ ಆಡಿದೆ ಅಂತ ಅರ್ಥ.

ಎಲ್ಲ ಕಾರ್ಡ್ ಪೂರ್ತಿ ಮಾಡೋಕಾಗುತ್ತಾ? ಲಿಸ್ಟ್ ಯಾರು ಮಾಡಿದ್ದಾರೆ?

ಬೇಸ್‌ಬಾಲ್ ಕಾರ್ಡ್‌ಗಳಿಗೆ ಒಳ್ಳೆಯ ಪಟ್ಟಿಗಳಿವೆ. ಅದಕ್ಕೆ ಅಡಿಪಾಯ ಹಾಕಿದವನು ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನ ಜೆಫರ್ಸನ್ ಬರ್ಡಿಕ್. ಅಮೆರಿಕನ್ ಕಾರ್ಡ್ ಕ್ಯಾಟಲಾಗ್ ಕಟ್ಟಿದವನು. ಎಕ್ಸಿಬಿಟ್ ಕಾರ್ಡ್‌ಗಳನ್ನು ಡಬ್ಲ್ಯೂ ಅಕ್ಷರದ ಗುಂಪಿಗೆ ಹಾಕಿದ್ದು ಅದರಲ್ಲೇ, ಇವತ್ತಿಗೂ ಮಾರುವವರು ಆ ಗುರುತು ಬಳಸುತ್ತಾರೆ. ಸಂಧಿವಾತದಿಂದ ಬೆರಳು ಮಡಚಲಾಗದ ಸ್ಥಿತಿಯಲ್ಲೂ ಮೂರು ಲಕ್ಷಕ್ಕೂ ಹೆಚ್ಚು ಕಾರ್ಡ್, ಚೀಟಿ, ಪೋಸ್ಟರ್‌ಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕೊಟ್ಟು, ತಾನೇ ಕೂತು ಆಲ್ಬಮ್‌ಗಳಿಗೆ ಅಂಟಿಸಿದ. 1963ರಲ್ಲಿ ಆ ಕೆಲಸ ಮುಗಿಸಿ ಕೆಲವೇ ವಾರಕ್ಕೆ ತೀರಿಕೊಂಡ.

ಸಿನಿಮಾ, ತಮಾಷೆ ಕಾರ್ಡ್‌ಗಳಿಗೆ ಅಂಥ ಪಕ್ಕಾ ಪಟ್ಟಿ ಸಿಗುವುದಿಲ್ಲ. ಪೂರ್ತಿ ಮಾಡುತ್ತೇನೆ ಅಂತ ಹೊರಟರೆ ಸುಮ್ನೆ ತಲೆಬಿಸಿ. ಪ್ರತಿ ಬಗೆಗೆ ಒಂದೊಂದು ಮಾದರಿ ಇಟ್ಟುಕೊಳ್ಳುವವರಿದ್ದಾರೆ, ಒಬ್ಬ ನಟಿಯದಷ್ಟೇ ಹುಡುಕುವವರಿದ್ದಾರೆ, ಬರೀ ಹಸಿರು ಛಾಯೆಯವನ್ನು ಕೂಡಿಡುವವರೂ ಇದ್ದಾರೆ.

ಕಾರ್ಡ್ ಸಾಕು, ಈಗ ಮಷಿನ್ನೇ ಬೇಕು ಅನಿಸ್ತಿದೆ. ತಗೊಳ್ಳೋದಾ?

ಕೊಳ್ಳುವ ಮುಂಚೆ ಒಮ್ಮೆ ಸ್ಯಾನ್ ಫ್ರಾನ್ಸಿಸ್ಕೋದ ಮ್ಯೂಸೆ ಮೆಕಾನಿಕ್‌ಗೆ ಹೋಗಿ ಬನ್ನಿ. ಹಳೆಯ ನಾಣ್ಯದ ಮಷಿನ್‌ಗಳು ಅಲ್ಲಿ ಇನ್ನೂ ಓಡುತ್ತವೆ, ದುಡ್ಡು ಹಾಕಿ ನೀವೇ ಆಡಬಹುದು. ಆಸೆ ಅಲ್ಲೇ ತೀರಿದರೆ ಒಳ್ಳೆಯದು.

ತೀರದಿದ್ದರೆ ಮೇಜಿನ ಮೇಲೆ ಕೂರುವ ಚಿಕ್ಕ ಮಷಿನ್ ನೋಡಿ, ನೆಲದ್ದು ಭಾರಿ ತೂಕ. ಬೀಗದ ಕೀ ಇದೆಯಾ ಅಂತ ಮೊದಲು ಕೇಳಿ. ಕೀ ಇಲ್ಲದ ಮಷಿನ್‌ನ ಒಳಗೆ ಏನಿದೆ, ಏನಿಲ್ಲ ಅಂತ ಮಾರುವವನಿಗೂ ಗೊತ್ತಿರುವುದಿಲ್ಲ. ನಾಣ್ಯದ ಕಿಂಡಿ ಮತ್ತು ಕಾರ್ಡ್ ತಳ್ಳುವ ತಟ್ಟೆ ಮೂಲದ್ದೇ ಆಗಿರಲಿ, ಮರದ ಪಾಲಿಶ್ ಹೋಗಿದ್ದರೆ ಚಿಂತೆ ಇಲ್ಲ. ಸೊನ್ನೆಯಿಂದ ಹೊಸ ಬಣ್ಣ ಬಳಿದು ಮಿರಮಿರ ಮಾಡಿದ್ದಕ್ಕಿಂತ ಹಳೆ ಬಣ್ಣ ಉಳಿಸಿಕೊಂಡದ್ದಕ್ಕೆ ಬೆಲೆ ಜಾಸ್ತಿ. ಓಡಿಸಿ ನೋಡುವಾಗ ಹಳೆ ಕಾರ್ಡ್ ತುಂಬಬೇಡಿ, ತಟ್ಟೆಯ ಅಂಚು ರಟ್ಟನ್ನು ತಿನ್ನುತ್ತದೆ. ಅದೇ ಅಳತೆಗೆ, ಅಷ್ಟೇ ದಪ್ಪದ ಬಿಳಿ ರಟ್ಟು ಕತ್ತರಿಸಿ ಹಾಕಿದರೆ ಸಾಕು. ತೀರಾ ತೆಳುವಾದರೆ ಎರಡೆರಡು ಒಟ್ಟಿಗೆ ಬರುತ್ತವೆ, ದಪ್ಪವಾದರೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತವೆ.